ರಕ್ತಸಾಕ್ಷಿಯಿಂದ ಜೀವನಸಾಕ್ಷಿಗೆ: ತೂರ್ ನಗರದ ಸಂತ ಮಾರ್ಟಿನ್



ಕ್ರೈಸ್ತಧರ್ಮದ ಮೊದಲ ಮೂರು ಶತಮಾನಗಳಲ್ಲಿ ಸಂತನೆಂಬ ಗೌರವವು ಬಹುಮಟ್ಟಿಗೆ ಪ್ರಾಣಾರ್ಪಣೆಯಿಂದಲೇ ಲಭಿಸತಕ್ಕುದಾಗಿತ್ತು. ಎರಡನೆಯ ಶತಮಾನದಲ್ಲಿ ಸ್ಮಿರ್ನಾ ನಗರದ ವೃದ್ಧ ಬಿಷಪ್ ಪಾಲಿಕಾರ್ಪನು, ಕ್ರಿಸ್ತನನ್ನು ನಿಂದಿಸಿದರೆ ಬಿಟ್ಟುಬಿಡುವೆನೆಂದು ರೋಮನ್ ಅಧಿಕಾರಿಯು ಹೇಳಿದಾಗಲೂ ಒಪ್ಪದೆ ಪ್ರಾಣವನ್ನೊಪ್ಪಿಸಲು, ಅವನ ಜನರು ಬೆಂಕಿಯಲ್ಲುಳಿದ ಅಸ್ಥಿಗಳನ್ನು ರತ್ನಗಳಿಗಿಂತ ಅಮೂಲ್ಯವೆಂದು ಆಯ್ದು ತಂದು ಯೋಗ್ಯಸ್ಥಳದಲ್ಲಿರಿಸಿ, ಮರಣದಿನವನ್ನೇ ಜನ್ಮದಿನವೆಂದು ಬಗೆದು, ವರ್ಷವರ್ಷವೂ ಅಲ್ಲಿ ಕೂಡುವ ಸಂಕಲ್ಪವನ್ನು ಮಾಡಿದರು. ಮುಂದೆ ಮಹಾವೃಕ್ಷವಾಗಿ ಬೆಳೆದ ಸಂತಗೌರವದ ಬೇರು ಇಲ್ಲಿದೆ.

313ರಲ್ಲಿ ಕ್ರೈಸ್ತರಿಗೆ ಮತಸ್ವಾತಂತ್ರ್ಯವು ದೊರೆಯಿತು. ಕತ್ತಿಗೆ ಕೊರಳೊಡ್ಡುವ ಸಂದರ್ಭವೇ ಇಲ್ಲದವನು ಇನ್ನು ಸಂತನಾಗುವುದೆಂತು? ಈಜಿಪ್ಟಿನ ಮರುಭೂಮಿಯ ತಪಸ್ವಿಗಳು ಈ ಪ್ರಶ್ನೆಗೊಂದು ಉತ್ತರವನ್ನಿತ್ತರು. ಪಶ್ಚಿಮದಲ್ಲಿ ಉತ್ತರವಿತ್ತವನು ಮಾರ್ಟಿನ್.

ಇಂದಿನ ಹಂಗೇರಿಗೆ ಸೇರಿದ ಸಬಾರಿಯಾದಲ್ಲಿ ಸೈನಿಕನ ಮಗನಾಗಿ ಜನಿಸಿ, ತಾನೂ ರೋಮನ್ ಸೇನೆಯನ್ನು ಸೇರಬೇಕಾಗಿ ಬಂದ ಈತನು, ಇನ್ನೂ ದೀಕ್ಷಾಸ್ನಾನವನ್ನು ಪಡೆಯದಿದ್ದ ಕಾಲದಲ್ಲಿ, ಗಾಲ್ ದೇಶದ (ಇಂದಿನ ಫ್ರಾನ್ಸಿನ) ಆಮಿಯಾನ್ ನಗರದ ಹೆಬ್ಬಾಗಿಲಲ್ಲಿ ಕಡುಚಳಿಗೆ ನಡುಗುತ್ತಿದ್ದ ಭಿಕ್ಷುಕನೊಬ್ಬನನ್ನು ಕಂಡನು. ಉಳಿದುದನ್ನೆಲ್ಲ ಆಗಲೇ ದಾನಮಾಡಿದ್ದ ಅವನಲ್ಲಿದ್ದುದು ಆಯುಧಗಳೂ ಮೈಮೇಲಿನ ಹೊದಿಕೆಯೂ ಮಾತ್ರ. ಕತ್ತಿಯನ್ನು ಹಿರಿದು ಹೊದಿಕೆಯನ್ನು ನಡುವೆ ಸೀಳಿ, ಒಂದು ಪಾಲನ್ನು ಭಿಕ್ಷುಕನಿಗಿತ್ತು, ಮಿಕ್ಕುದನ್ನು ತಾನು ಹೊದ್ದನು. ಹರಿದ ಹೊದಿಕೆಯ ಯೋಧನನ್ನು ಕಂಡು ಕೆಲವರು ನಕ್ಕರು. ಇನ್ನು ಕೆಲವರು, ಹೆಚ್ಚಿದ್ದೂ ತಾವು ಕೊಡದೆ ಹೋದೆವಲ್ಲಾ ಎಂದು ನಿಟ್ಟುಸಿರಿಟ್ಟರು. ಆ ರಾತ್ರಿ ಕನಸಿನಲ್ಲಿ ಕ್ರಿಸ್ತನೇ ಆ ಅರ್ಧ ಹೊದಿಕೆಯನ್ನು ಧರಿಸಿ ಕಾಣಿಸಿಕೊಂಡನೆಂದು, ಮಾರ್ಟಿನನನ್ನು ಕಣ್ಣಾರೆ ಕಂಡಿದ್ದ ಸುಲ್ಪಿಸಿಯಸ್ ಸೆವೆರಸನು ಬರೆದಿದ್ದಾನೆ.

ಮುಂದೆ ಸೇನೆಯನ್ನು ಬಿಟ್ಟು, ತೂರ್ ನಗರದ ಬಿಷಪನಾದ ಮೇಲೂ ಊರ ಹೊರಗೆ ಲ್ವಾರ್ ನದಿಯ ದಡದಲ್ಲಿ ಮರದ ಕುಟೀರವೊಂದನ್ನು ಕಟ್ಟಿಕೊಂಡು ನೆಲೆಸಿದ ಈ ವಿರಕ್ತನ ನಿಜವಾದ ಔನ್ನತ್ಯವು ನನಗೆ ಕಾಣುವುದು ಟ್ರಿಯರ್ ನಗರದ ರಾಜಸಭೆಯಲ್ಲಿ. ಪಾಷಂಡಿಯೆಂದು ದೂಷಿತನಾದ ಪ್ರಿಸಿಲಿಯನನಿಗೆ ಮರಣದಂಡನೆಯಾಗಲೆಂದು ಕೆಲವು ಬಿಷಪರೇ ಒತ್ತಾಯಪಡಿಸುತ್ತಿರಲು, ಮಾರ್ಟಿನನು, ಆ ಮತವನ್ನು ತಾನೊಪ್ಪದಿದ್ದರೂ, ರಕ್ತವನ್ನು ಹರಿಸಬಾರದೆಂದು ಚಕ್ರವರ್ತಿ ಮ್ಯಾಕ್ಸಿಮಸನನ್ನು ಬೇಡಿದನು. ಮಾರ್ಟಿನನು ಅತ್ತ ಹೊರಟುಹೋದ ಮೇಲೆ ಪ್ರಿಸಿಲಿಯನನ ಶಿರಶ್ಛೇದವಾಯಿತು. ಧರ್ಮಕ್ಕಾಗಿ ಸಾಯುವುದು ದೊಡ್ಡದು. ಧರ್ಮದ ಹೆಸರಿನಲ್ಲಿ ಕೊಲ್ಲಬೇಡಿರೆಂದು ಸ್ವಜನರಿಗೇ ಹೇಳುವುದು ಅದಕ್ಕೆ ಕಡಮೆಯಾದುದಲ್ಲ.

397ರಲ್ಲಿ ಕಾಂಡ್ ಗ್ರಾಮದಲ್ಲಿ ಅವನು ತೀರಿಕೊಂಡಾಗ, ದೇಹಕ್ಕಾಗಿ ಪ್ವಾತಿಯೇ ಊರಿನವರಿಗೂ ತೂರಿನವರಿಗೂ ವಿವಾದವಾಗಿ, ಎದುರಾಳಿಗಳು ನಿದ್ರೆಹೋದ ನಡುರಾತ್ರಿಯಲ್ಲಿ ತೂರಿನವರು ಅದನ್ನು ಕಿಟಕಿಯಿಂದ ಹೊರಸಾಗಿಸಿ ದೋಣಿಯಲ್ಲಿ ಕೊಂಡೊಯ್ದರೆಂದು ಆರನೆಯ ಶತಮಾನದ ತೂರಿನ ಬಿಷಪ್ ಗ್ರೆಗರಿಯ ಇತಿಹಾಸವು ಹೇಳುತ್ತದೆ. ಈ ಭಕ್ತಿಯಲ್ಲಿ ಮೋಹದ ಅಂಶವೂ ಇದ್ದಿತೆಂಬುದನ್ನು ಅಲ್ಲಗಳೆಯಲಾಗದು. ಅಸ್ಥಿಗಳಾದರೋ 1562ರಲ್ಲಿ, ಫ್ರಾನ್ಸಿನ ಮತಕಲಹದಲ್ಲಿ, ಬಹುಪಾಲು ಸುಟ್ಟುಹೋದುವು. ಆದರೂ ನವೆಂಬರ್ 11ರ ಅವನ ಹಬ್ಬವು ನಿಂತಿಲ್ಲ.

ತೂರಿನಲ್ಲಿ ಅವನ ಸಮಾಧಿಯ ಮೇಲೆದ್ದ ದೇವಾಲಯದ ಆಶ್ರಯದಲ್ಲಿ, ಆರನೆಯ ಶತಮಾನದಲ್ಲಿಯೇ, ಪಟ್ಟಿಯಲ್ಲಿ ಹೆಸರು ಬರೆಯಿಸಿದ ದೀನದರಿದ್ರರು ಯಾತ್ರಿಕರ ಕಾಣಿಕೆಯಿಂದ ಅನ್ನವನ್ನು ಕಂಡರು. ಸಂತನನ್ನು ಗೌರವಿಸುವ ವಿಧಾನಗಳಲ್ಲಿ ಇದಕ್ಕಿಂತ ಉಚಿತವಾದುದನ್ನು ನಾನರಿಯೆ.