ಶರಾವತಿಯ ಮೇಲೆ ದೋಣಿಯಾನ



ದೊಡ್ಡ ಹೊಳೆಯೊಂದರ ಮೇಲೆ ಸ್ವಂತ ದೋಣಿಯಲ್ಲಿ, ಗಡಿಯಾರದ ಹಂಗಿಲ್ಲದೆ ಸಂಚರಿಸಬೇಕೆಂಬ ಆಸೆ ಪಟ್ಟಣವಾಸಿಗಳಲ್ಲಿ ಅನೇಕರಿಗೆ ಉಂಟು. ಅಂಥವರು ಹೊಸನಗರ ತಾಲ್ಲೂಕಿನ ಹುಲಿಕಲ್ ಘಾಟಿಯ ನೆತ್ತಿಯಲ್ಲಿ ನಿಂತು ನೋಡಿದರೆ ಮೊದಲು ನಿರಾಶೆಯೇ ಆದೀತು. ಅಲ್ಲಿಯದೆಲ್ಲ ಪಡುವಣ ಕಡಲಿಗೆ ಧಾವಿಸುವ ಆತುರದ ನೀರು. ವಾರಾಹಿಯಾಗಲಿ ಚಕ್ರೆಯಾಗಲಿ ಘಟ್ಟವನ್ನು ಇಳಿಯುವಾಗ ದೋಣಿಗೆ ಎಡೆಗೊಡುವುದಿಲ್ಲ. ದೋಣಿಗೆ ಒಗ್ಗುವ ಹೊಳೆ ಅಲ್ಲಿಂದ ಉತ್ತರಕ್ಕಿದೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ ಸಾಗರಗಳ ಸೀಮೆಯನ್ನು ಹಾದು, ಜೋಗದಲ್ಲಿ 253 ಮೀಟರು ಕೆಳಕ್ಕೆ ಧುಮುಕಿ, ಹೊನ್ನಾವರದಲ್ಲಿ ಸಮುದ್ರವನ್ನು ಸೇರುವ ಶರಾವತಿಯೇ ಅದು.

ಜೋಗದ ಬಂಡೆ ಈ ಹೊಳೆಯನ್ನು ದೋಣಿಯವನ ಪಾಲಿಗೆ ಎರಡಾಗಿ ಸೀಳಿದೆ. ಕೆಳಗಿನದು ಪ್ರಕೃತಿ ಕೊಟ್ಟ ಜಲಮಾರ್ಗ. 1623ರ ಕೊನೆಯ ತಿಂಗಳುಗಳಲ್ಲಿ ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲ ವಾಲ್ಲೆಯು, ಇಕ್ಕೇರಿಯ ವೆಂಕಟಪ್ಪನಾಯಕನಲ್ಲಿಗೆ ಹೊರಟಿದ್ದ ಪೋರ್ತುಗೀಸ್ ರಾಯಭಾರಿಯ ಸಂಗಡ ಹೊನ್ನಾವರದಿಂದ ಗೇರುಸೊಪ್ಪೆಯವರೆಗೆ ದೋಣಿಯಲ್ಲಿಯೇ ಬಂದನು. ಎರಡು ದಡಗಳ ಚೆಲುವನ್ನು ಅವನು ಮನಸಾರೆ ಮೆಚ್ಚಿ ಬರೆದಿದ್ದಾನೆ. ಒಂದು ಕಾಲಕ್ಕೆ ಮೆಣಸಿನ ವ್ಯಾಪಾರದಿಂದ ಮೆರೆದ ಗೇರುಸೊಪ್ಪೆಯು ಅಷ್ಟರಲ್ಲಾಗಲೇ ಹಾಳುಬಿದ್ದು, ಕಾಡು ಅದನ್ನು ಆವರಿಸುತ್ತಿತ್ತು. ದೋಣಿಯ ದಾರಿ ಅಲ್ಲಿಗೆ ಮುಗಿಯುವುದು. ಮುಂದೆ ಘಟ್ಟವನ್ನೇರಿಯೇ ಇಕ್ಕೇರಿಗೆ ಹೋಗಬೇಕಾಗಿತ್ತು.

ಮೇಲಿನ ನೀರಿನ ಕಥೆ ಬೇರೆ. ಅದು ಮನುಷ್ಯನು ಮಾಡಿದ ಜಲವಿಸ್ತಾರ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿಯಲು, ಹೊಳೆಯು ಕಣಿವೆ ಕಣಿವೆಗಳಿಗೆ ಹಬ್ಬಿ, ಗುಡ್ಡಗಳೆಲ್ಲ ನಡುಗಡ್ಡೆಗಳಾದುವು. ಹುಲಿಕಲ್ ಕಡೆಯ ಮಳೆಯ ಒಂದು ಭಾಗವೂ ಚಕ್ರಾ, ಸಾವೇಹಕ್ಲು ಜಲಾಶಯಗಳ ಮೂಲಕ ಇಲ್ಲಿಗೆ ತಿರುಗಿಸಲ್ಪಟ್ಟಿದೆ. ದಿಗಂತದವರೆಗೆ ನೀರು, ನಡುನಡುವೆ ಹಸುರು ದಿಬ್ಬಗಳು: ವಿಹಾರಕ್ಕೆ ಇದಕ್ಕಿಂತ ಒಪ್ಪುವ ಸ್ಥಳ ಯಾವುದಿದ್ದೀತು ಎಂದು ತೋರುವುದು ಸಹಜ.

ಆದರೆ ಈ ನೀರಿಗೆ ನೆಲದ ನೆನಪುಂಟು. ದೋಣಿಯ ಅಡಿಯಲ್ಲಿರುವುದು ಗದ್ದೆ, ಅಡಕೆಯ ತೋಟ, ಮನೆಯಂಗಳ, ದೇವಸ್ಥಾನದ ಜಗಲಿ. ನಾಡಿನ ಮನೆಗಳಲ್ಲಿ ವಿದ್ಯುದ್ದೀಪ ಉರಿಯಲೆಂದು ಸಾವಿರಾರು ಮಂದಿ ಇವನ್ನು ಬಿಟ್ಟು ಎದ್ದು ಹೋದರು. ಮಡೆನೂರಿನ ಬಳಿ ಮೈಸೂರು ಸಂಸ್ಥಾನದ ಕಾಲದಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು ಸಹ ಹೊಸ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಬೇಸಗೆಯಲ್ಲಿ ನೀರು ತೀರ ಇಳಿದಾಗ ಅದು ಇಡಿಯಾಗಿ ತಲೆಯೆತ್ತಿ ನಿಲ್ಲುವುದುಂಟು. ಮುಳುಗದೆ ಉಳಿದ ತುಮರಿಯ ಸುತ್ತಿನ ಜನಕ್ಕೆ ದೋಣಿಯು ವಿನೋದದ ವಸ್ತುವಾಗಿರಲಿಲ್ಲ. ರೋಗಿಯೂ ಬಸುರಿಯೂ ಶಾಲೆಯ ಹುಡುಗನೂ ಹೊಳೆಬಾಗಿಲಿನ ಕಡವಿನಲ್ಲಿ ಲಾಂಚಿಗಾಗಿ ಕಾಯಬೇಕಾಗಿತ್ತು. ಸಂಜೆ ಲಾಂಚು ನಿಂತಿತೆಂದರೆ ಆಚೆಯ ದಡ ಪರದೇಶವೇ ಸರಿ. ಮಳೆ ತಡವಾದ 2023ರ ಜೂನಿನಲ್ಲಿ ನೀರು ತಗ್ಗಿದ್ದರಿಂದ ಲಾಂಚಿಗೆ ವಾಹನಗಳನ್ನು ಹತ್ತಿಸುವುದೂ ನಿಂತಿತು. ಕೊನೆಗೆ 2025ರ ಜುಲೈ 14ರಂದು, ಅಂಬಾರಗೋಡ್ಲು ಕಳಸವಳ್ಳಿಗಳ ನಡುವೆ ಸುಮಾರು 2.4 ಕಿಲೋಮೀಟರು ಉದ್ದದ ಸೇತುವೆ ಸಂಚಾರಕ್ಕೆ ತೆರೆಯಿತು. ಆರು ದಶಕಗಳ ಕಾಯುವಿಕೆ ಅಲ್ಲಿಗೆ ಮುಗಿಯಿತು.

ಹೀಗಿರಲು, ಈ ನೀರಿನ ಮೇಲೆ ವಿಹರಿಸಬಯಸುವವನು ಕೆಲವನ್ನು ತಿಳಿದಿರಬೇಕು. ಯಂತ್ರದ ದೋಣಿಯಾದರೆ ಅದನ್ನು ನೋಂದಾಯಿಸಿ, ಅನುಮತಿ ಪಡೆದೇ ನೀರಿಗಿಳಿಸಬೇಕು. ಜಲಾಶಯದ ಪೂರ್ಣಮಟ್ಟ 1819 ಅಡಿ. ಆದರೆ ವಿದ್ಯುತ್ತಿಗಾಗಿ ನೀರು ಹರಿದಂತೆಲ್ಲ ದಡ ಹಿಂದೆ ಸರಿಯುವುದು, ನಿನ್ನೆ ಆಳದಲ್ಲಿದ್ದ ಮರದ ಬೊಡ್ಡೆ ಇಂದು ದೋಣಿಯ ತಳಕ್ಕೆ ತಾಗೀತು. ನಕಾಶೆ ಇದನ್ನು ತೋರಿಸದು. ಊರಿನ ಅಂಬಿಗನು ಬಲ್ಲನು. ಮಳೆಗಾಲದಲ್ಲಿ ಗಾಳಿ ಮಳೆಗಳು ಎಚ್ಚರಿಕೆ ಕೊಡದೆ ಎರಗುವುವು. ದೀಪಾವಳಿಯಿಂದ ಸಂಕ್ರಾಂತಿಯವರೆಗಿನ ದಿನಗಳೇ ಹಿತ. ಈಜು ಬಲ್ಲವನೂ ತೇಲುವ ಅಂಗಿಯನ್ನು ಧರಿಸಲಿ.

ಇವೆಲ್ಲಕ್ಕಿಂತ ಹೆಚ್ಚಾಗಿ, ಜೊತೆಗೆ ಬಂದ ಅಂಬಿಗನನ್ನು ಮಾತನಾಡಿಸಿರಿ. ಈ ಕೆಳಗೆ ಯಾವ ಊರಿತ್ತು, ಯಾರ ತೋಟವಿತ್ತು, ಅವರೆಲ್ಲ ಎಲ್ಲಿಗೆ ಹೋದರು ಎಂದು ಕೇಳಿರಿ. ಅವನು ಹೇಳುವಾಗ ಯಂತ್ರವನ್ನು ಸ್ವಲ್ಪ ನಿಲ್ಲಿಸಿರಿ. ಆ ಊರುಗಳ ಹೆಸರನ್ನಾದರೂ ಅರಿತು ಹಿಂದಿರುಗಿದರೆ, ನಮ್ಮ ದೀಪಕ್ಕೋಸ್ಕರ ಮನೆಯನ್ನು ಬಿಟ್ಟವರಿಗೆ ಅಷ್ಟು ಮರ್ಯಾದೆಯನ್ನು ಸಲ್ಲಿಸಿದಂತಾಗುವುದು.