ನೆಂಟರಾಗಿ ಬಂದವರು ಮನೆಯವರಾಗಲಿ



ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆ ಕೋಲಾರದಿಂದ ಬೇರೆಯಾದದ್ದು 2007ರಲ್ಲಿ. ಮರುವರ್ಷವೇ, 2008ರ ಮೇ ತಿಂಗಳಲ್ಲಿ, ಪಕ್ಕದ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ಅಲ್ಲಿಂದೀಚೆಗೆ ಹೊರದೇಶಕ್ಕೆ ಹೋಗುವುದೂ ಬರುವುದೂ ನಮ್ಮ ಊರುಗಳಿಗೆ ಹತ್ತಿರದ ಮಾತಾಗಿದೆ. ಇಲ್ಲಿಂದ ಹೋದವರು ಒಂದೇ ಬಗೆಯವರಲ್ಲ. ಅಮೆರಿಕದಲ್ಲಿ ಸಾಫ್ಟ್‌ವೇರ್ ಕೆಲಸ ಮಾಡಿ, ಈಗ ಊರಲ್ಲಿ ದ್ರಾಕ್ಷಿ ತೋಟ ಮಾಡುತ್ತೇನೆಂದು ಬಂದವರಿದ್ದಾರೆ. ಕೊಲ್ಲಿ ದೇಶಗಳಲ್ಲಿ ಡ್ರೈವರ್ ಆಗಿ, ಮನೆಗೆಲಸದವರಾಗಿ ದುಡಿದು ಬಂದವರಿದ್ದಾರೆ. ಸಂಬಳ ಬೇರೆ, ಪಾಸ್‌ಪೋರ್ಟಿನ ಬಗೆ ಬೇರೆ. ಆದರೆ ಹೊಸ್ತಿಲು ದಾಟಿ ಒಳಗೆ ಬಂದ ಮೇಲೆ ಎಲ್ಲರೂ ಎದುರಿಸುವ ಕಷ್ಟ ಒಂದೇ. ಮನೆಯಲ್ಲಿ ತಮ್ಮ ಜಾಗ ಯಾವುದು ಎಂಬುದು ಬಂದವರಿಗೆ ತಿಳಿಯುವುದಿಲ್ಲ.

ನಾನೂ ಒಂಬತ್ತು ವರ್ಷ ಹೊರಗಿದ್ದು ಬಂದವನು. ನಮ್ಮದು ಶಿಡ್ಲಘಟ್ಟದ ಕಡೆಯ ರೇಷ್ಮೆ ಬೆಳೆಯುವ ಮನೆ. ಬಂದ ಹೊಸದರಲ್ಲಿ ತಮ್ಮ ಹಿಪ್ಪುನೇರಳೆ ಸೊಪ್ಪು ತರಲು ಹೊರಟರೆ ನಾನೂ ಏಳುತ್ತಿದ್ದೆ. "ನೀನು ಕೂತ್ಕೊಳ್ಳಣ್ಣ, ನಿನಗ್ಯಾಕೆ ಈ ಕಷ್ಟ" ಎನ್ನುತ್ತಿದ್ದ. ಊಟಕ್ಕೆ ನನ್ನ ತಟ್ಟೆಯೇ ಮೊದಲು. ಮುದ್ದೆ ಮುರಿಯುವ ಮುಂಚೆ ಅತ್ತಿಗೆ "ಅನ್ನ ಮಾಡಲಾ?" ಎಂದು ಕೇಳುತ್ತಿದ್ದರು. ಪ್ರೀತಿಗೆ ಕೊರತೆ ಇರಲಿಲ್ಲ. ಆದರೆ ಸಾಲದ ಮಾತು, ಬೋರ್‌ವೆಲ್‌ನ ಮಾತು, ಹುಳುವಿಗೆ ರೋಗ ಬಿದ್ದ ಮಾತು ನಾನು ಬಂದ ಕೂಡಲೇ ನಿಂತುಹೋಗುತ್ತಿತ್ತು. ಆರು ತಿಂಗಳಾದ ಮೇಲೆ ಒಂದು ಬೆಳಗಿನ ಜಾವ ಅಮ್ಮ ನನ್ನನ್ನು ಎಬ್ಬಿಸಿ, "ಎಷ್ಟು ದಿನ ನೆಂಟ್ರು ಥರ ಕೂತಿರ್ತೀಯ? ಗೂಡು ಮಾರ್ಕೆಟ್ಟಿಗೆ ನೀನೇ ಹೋಗು" ಎಂದಳು. ಅವತ್ತು ನಮ್ಮ ಗೂಡಿಗೆ ಒಳ್ಳೆಯ ರೇಟು ಸಿಗಲಿಲ್ಲ. ಮನೆಗೆ ಬಂದಾಗ ತಮ್ಮ ನನ್ನ ಮೇಲೆ ರೇಗಿದ. ನಾನು ನಿಜವಾಗಿ ಊರಿಗೆ ಬಂದದ್ದು ಅವತ್ತು. ಮನೆಯವರ ಮೇಲೆ ತಾನೇ ರೇಗುವುದು?

1945ರಲ್ಲಿ, ಯುದ್ಧದಿಂದ ಮರಳುವ ಸೈನಿಕರನ್ನು ಕಣ್ಣೆದುರಿಟ್ಟುಕೊಂಡು, ಸಮಾಜಶಾಸ್ತ್ರಜ್ಞ ಆಲ್ಫ್ರೆಡ್ ಶುಟ್ಜ್ ಮನೆಗೆ ಮರಳುವವನ ಬಗ್ಗೆ ಒಂದು ಪ್ರಬಂಧ ಬರೆದರು. ಹೊಸ ಊರಿಗೆ ಹೋಗುವವನಿಗೆ ಅದು ಅಪರಿಚಿತ ಎಂದು ಮೊದಲೇ ಗೊತ್ತಿರುತ್ತದೆ. ಮನೆಗೆ ಮರಳುವವನು ಎಲ್ಲವೂ ಗೊತ್ತು ಎಂದುಕೊಂಡು ಬರುತ್ತಾನೆ, ಹಾಗಾಗಿ ಎಡವುತ್ತಾನೆ ಎಂಬುದು ಅವರ ವಿಚಾರ. ನಾನು ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಕಾದು ಕುಳಿತ ಮನೆ ಇದ್ದ ಹಾಗೇ ಇರುವುದಿಲ್ಲ. ಹೋದವರಿಲ್ಲದೆ ಬದುಕುವುದನ್ನು ಅದು ಕಲಿತಿರುತ್ತದೆ. ಬಂದವರಿಗೆ ಜಾಗ ಮಾಡಿಕೊಡಲು ಆ ಕಲಿತದ್ದನ್ನು ಒಂದಿಷ್ಟು ಬಿಡಬೇಕಾಗುತ್ತದೆ.

ಚಿಂತಾಮಣಿ ತಾಲ್ಲೂಕಿನ ಒಬ್ಬ ತಾಯಿಯ ವಿಷಯ ಹೇಳುತ್ತೇನೆ. ಆಕೆ ಕುವೈತಿನಲ್ಲಿ ಏಳು ವರ್ಷ ಮನೆಗೆಲಸ ಮಾಡಿ ಬಂದವರು. ಮಗಳು ಐದನೇ ಕ್ಲಾಸು. ಒಂದು ದಿನ ಮಗು ಶಾಲೆಯಿಂದ ಅಂಕಪಟ್ಟಿ ತಂದು, ಬಾಗಿಲಲ್ಲಿ ನಿಂತಿದ್ದ ತಾಯಿಯನ್ನು ದಾಟಿಕೊಂಡು ಹೋಗಿ ಅಜ್ಜಿಯ ಹೆಬ್ಬೆಟ್ಟು ಒತ್ತಿಸಿಕೊಂಡಿತು. "ನನಗೆ ಸೈನ್ ಮಾಡೋಕೆ ಬರುತ್ತೆ ಅಂತಾನೂ ಅವಳಿಗೆ ಗೊತ್ತಿಲ್ಲ ಸಾರ್" ಎಂದು ಆ ತಾಯಿ ನನ್ನ ಮುಂದೆ ಅತ್ತರು. ಯಾರು ಕಟ್ಟಿಸಿದ ಮನೆಯೋ ಅವರೇ ಅಲ್ಲಿ ಹೊರಗಿನವರು.

ಈ ಸಂಕಟಕ್ಕೆ ಕಾನೂನಿನ ಒಂದು ಎಳೆಯೂ ಸೇರಿಕೊಂಡಿದೆ. ವಲಸೆ ಅನುಮತಿ ಬೇಕಾದ ದೇಶಗಳಿಗೆ ಮನೆಗೆಲಸಕ್ಕೆ ಹೋಗುವ ಹೆಂಗಸಿಗೆ 30 ವರ್ಷ ತುಂಬಿರಬೇಕು. ಹೆಣ್ಣುಮಕ್ಕಳ ರಕ್ಷಣೆಗೆಂದೇ ಮಾಡಿದ ನಿಯಮ ಅದು. ಆದರೆ ನಮ್ಮ ಕಡೆ 30 ತುಂಬಿದ ಹೆಂಗಸು ಎಂದರೆ ಬಹುಪಾಲು ಶಾಲೆಗೆ ಹೋಗುವ ಮಕ್ಕಳ ತಾಯಿ. ಆಕೆ ವಿಮಾನ ಹತ್ತುವಾಗಲೇ ಒಂದು ಮಗು ಅಜ್ಜಿಯ ಮಡಿಲಿಗೆ ಬಿದ್ದಿರುತ್ತದೆ.

ಚಿಂತಾಮಣಿ ಕಡೆಯ ಆ ತಾಯಿಯ ಮನೆ ಸರಿಹೋದದ್ದು ಅಜ್ಜಿಯಿಂದ. ಒಂದು ಬೆಳಿಗ್ಗೆ ಆ ಅಜ್ಜಿ, "ನನ್ ಕೈ ನೋಯ್ತದೆ ಕಣೇ, ನಿಮ್ಮಮ್ಮನ ಕೈಲಿ ಜಡೆ ಹಾಕಿಸ್ಕೋ" ಎಂದು ಬಾಚಣಿಗೆ ದಾಟಿಸಿದರು. ಕೈ ನೋವು ಇರಲಿಲ್ಲ. ಹತ್ತು ನಿಮಿಷ ಮಗಳ ತಲೆ ತಾಯಿಯ ಮೊಣಕಾಲುಗಳ ನಡುವೆ ಇತ್ತು. ಮಾರನೇ ದಿನವೂ ಇತ್ತು.

ಯಾವಾಗ ಸುಮ್ಮನಿರಬೇಕು, ಯಾವಾಗ ಕೊಡಬೇಕು ಎಂಬುದನ್ನು ರೇಷ್ಮೆ ಸಾಕುವವರಿಂದ ಕಲಿಯಬಹುದು. ರೇಷ್ಮೆ ಹುಳು ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಪೊರೆ ಕಳಚುತ್ತದೆ. ಅದಕ್ಕೆ ನಮ್ಮ ರೈತರು ಜ್ವರ ಎನ್ನುತ್ತಾರೆ. ಜ್ವರಕ್ಕೆ ಹೋದ ಹುಳು ತಲೆ ಎತ್ತಿ ಸುಮ್ಮನಿರುತ್ತದೆ. ಆಗ ಯಾರೂ ಅದನ್ನು ಮುಟ್ಟುವುದಿಲ್ಲ, ಸೊಪ್ಪೂ ಹಾಕುವುದಿಲ್ಲ. ಜ್ವರದಿಂದ ಎದ್ದ ಮೇಲೆ ಮಾತ್ರ ಹೊತ್ತಿಗೆ ಸರಿಯಾಗಿ ಎಳೆ ಸೊಪ್ಪು ಬೀಳಲೇಬೇಕು. ಮರಳಿ ಬಂದವರ ವಿಷಯದಲ್ಲಿ ನಾವು ಇದಕ್ಕೆ ತದ್ವಿರುದ್ಧ ಮಾಡುತ್ತಿದ್ದೇವೆ. ಸುಮ್ಮನಿರಬೇಕಾದ ಮೊದಲ ವಾರಗಳಲ್ಲಿ "ಎಷ್ಟು ತಂದೆ, ಮುಂದೇನು, ಯಾಕೆ ಬಂದೆ" ಎಂದು ಪೀಡಿಸುತ್ತೇವೆ. ಎದ್ದು ನಿಂತ ಮೇಲೆ ಕೆಲಸ ಕೊಡದೆ ಕೂರಿಸುತ್ತೇವೆ.

ಹೊರದೇಶದಿಂದ ಮರಳಿ ಬಂದ, ಈ ಮಣ್ಣಿನ ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರನ್ನು ನೆನೆಯದೆ ಈ ವಿಷಯ ಮುಗಿಯುವುದಿಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದವರು. ಓದುವ ಆಸೆಗೆ ಬೆಂಗಳೂರಿಗೆ ನಡೆದೇ ಹೋದವರು. ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1960ರಲ್ಲಿ ಡಾಕ್ಟರೇಟ್ ಪಡೆದು ಬಸವನಗುಡಿಯ ತಮ್ಮ ನ್ಯಾಷನಲ್ ಕಾಲೇಜಿಗೇ ಮರಳಿದರು. ಮರುವರ್ಷ ಪ್ರಾಂಶುಪಾಲರಾದರು, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಮುಂದೆ ಗೌರಿಬಿದನೂರು, ಬಾಗೇಪಲ್ಲಿಗಳಲ್ಲೂ ಕಾಲೇಜು ತೆರೆಸಿದರು. ಮದುವೆಯಾಗದ ಅವರಿಗೆ ಹಾಸ್ಟೆಲಿನ ಹುಡುಗರೇ ಸಂಸಾರ. ಅವರು ಬೇರೂರಿದ್ದು ಇಲ್ಲಿ ಅವರಿಗಾಗಿ ಕೆಲಸ ಕಾದಿದ್ದರಿಂದ ಎಂದು ನಾನು ನಂಬುತ್ತೇನೆ.

ಈ ಸಂಕಿರಣದ ಗೋಷ್ಠಿಗಳ ಮುಂದೆ ಮೂರು ವಿಷಯ ಇಡುತ್ತೇನೆ.

ಮೊದಲನೆಯದು ಮಕ್ಕಳು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಒಳಗೆ ತೆಲುಗು ಅಥವಾ ಉರ್ದು, ಬೀದಿಯಲ್ಲಿ ಕನ್ನಡ. ಅಜ್ಜಿಯ ಭಾಷೆಯೂ ಬಾರದೆ, ಕನ್ನಡ ಅಕ್ಷರವೂ ಬಾರದೆ ಹೊರದೇಶದಿಂದ ಬಂದ ಮಗು ಎರಡು ಕಡೆಯೂ ಮೂಕವಾಗುತ್ತದೆ. ಶಾಲೆ ತಪ್ಪಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಈ ಮಕ್ಕಳಿಗೂ ಅಂಥ ತರಬೇತಿ ಬೇಕು.

ಎರಡನೆಯದು ಸರ್ಕಾರ. ಕೆಲಸಕ್ಕೆಂದು ಹೊರದೇಶಕ್ಕೆ ಹೊರಡುವವರಿಗೆ ವಿದೇಶಾಂಗ ಸಚಿವಾಲಯ ತರಬೇತಿ ಕೊಡಿಸುತ್ತದೆ; ಮರಳುವವರಿಗೂ ನೆರವು ಬೇಕು. ಅನಿವಾಸಿಗಳಿಗಾಗಿ ಕೇರಳ 1996ರಲ್ಲೇ ಪ್ರತ್ಯೇಕ ಇಲಾಖೆ ಮಾಡಿತು; ಅಲ್ಲಿ ಮರಳಿ ಬಂದವರು ಉದ್ಯೋಗ ಶುರುಮಾಡಲು ಸಾಲ-ಸಹಾಯಧನದ ಯೋಜನೆಯಿದೆ. ಹಣದ ಜೊತೆಗೆ ಮನಸ್ಸಿನ ಮಾತೂ ಕೇಳುವಂಥ ಒಂದು ಕಿಟಕಿ ನಮ್ಮ ತಾಲ್ಲೂಕು ಮಟ್ಟದಲ್ಲಿ ತೆರೆಯಲಿ.

ಮೂರನೆಯದು ಮನೆ. ಇದಕ್ಕೆ ಯಾವ ಆದೇಶವೂ ಬೇಕಿಲ್ಲ.

ಸ್ನೇಹಿತರೇ, ನಿಮ್ಮ ಬೀದಿಯಲ್ಲಿ ಹಾಗೆ ಬಂದವರೊಬ್ಬರು ಇದ್ದೇ ಇರುತ್ತಾರೆ. ಕೆಲವು ವಾರ ಅವರನ್ನು ಅವರ ಪಾಡಿಗೆ ಬಿಡಿ. ಆಮೇಲೆ ಆ ಮನೆಗೆ ಹೋಗಿ ಹೇಳಿ: ಮನೆಯ ಸಾಲದ ಲೆಕ್ಕ ಅವರ ಮುಂದಿಡಿ, ಮಗುವಿನ ಬಾಚಣಿಗೆ ಅವರ ಕೈಗೆ ಕೊಡಿ, ಸೊಪ್ಪು ತರಲು ಕಳಿಸಿ, ತಪ್ಪು ಮಾಡಿದರೆ ಬೈಯಿರಿ. ನೆಂಟರಿಗೆ ಮಾಡುವ ಉಪಚಾರ ಸಾಕು. ಅವರನ್ನು ಮನೆಯವರನ್ನಾಗಿ ಮಾಡಿಕೊಳ್ಳಿ.