ಊರಿನ ನಕ್ಷೆಗೆ ಊರಿನವರ ಕಣ್ಣು
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಎಂಟನೇ ತರಗತಿಯಲ್ಲಿ ಸಮಾಜದ ಮೇಷ್ಟ್ರು ನಮ್ಮಿಂದ ಊರಿನ ನಕ್ಷೆ ಬರೆಸಿದ್ದರು. ನಾನು ಪಕ್ಕದವನ ಪುಸ್ತಕ ನೋಡಿ ಬರೆದೆ. ಅವನು ಬಾವಿಯನ್ನು ತಪ್ಪು ಕಡೆ ಹಾಕಿದ್ದ. ನನ್ನದರಲ್ಲೂ ಬಾವಿ ಅಲ್ಲೇ ಬಂತು. "ನಿಮ್ಮ ಮನೆ ಮುಂದಿನ ಬಾವಿ ನಿನಗೇ ಗೊತ್ತಿಲ್ಲವೇನೋ?" ಎಂದು ಮೇಷ್ಟ್ರು ಕಿವಿ ಹಿಂಡಿದರು. ಇವತ್ತು ನಾನು ಹೇಳಬೇಕೆಂದಿರುವುದೂ ಆ ಬಾವಿಯ ಮಾತೇ.

ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆಯನ್ನು 2004ರಲ್ಲಿ ಇಂಗ್ಲೆಂಡಿನ ಸ್ಟೀವ್ ಕೋಸ್ಟ್ ಶುರುಮಾಡಿದರು. ಅದನ್ನು ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಊರಿನ ಹೆಸರನ್ನು ಕನ್ನಡದಲ್ಲೇ ಬರೆಯಬಹುದು. ಬಿಡುವಾದಾಗ ನಾನೂ ಆ ಕೆಲಸ ಮಾಡುತ್ತೇನೆ.

ಈ ನಕ್ಷೆ ಎರಡು ಬಗೆಯಲ್ಲಿ ತುಂಬುತ್ತದೆ. ಜನ ಓಡಾಡಿ, ನೋಡಿ, ಒಂದೊಂದೇ ದಾರಿ ಸೇರಿಸುವುದು ಒಂದು. ಇಲಾಖೆಯದೋ ಕಂಪನಿಯದೋ ಸಿದ್ಧ ಮಾಹಿತಿಯನ್ನು ಕಂಪ್ಯೂಟರಿನಿಂದ ಒಮ್ಮೆಗೇ ಸುರಿಯುವುದು ಇನ್ನೊಂದು. ಅಮೆರಿಕದಲ್ಲಿ 2007–08ರಲ್ಲಿ ಜನಗಣತಿ ಇಲಾಖೆಯ ರಸ್ತೆಗಳನ್ನೆಲ್ಲ ಹೀಗೆ ಸುರಿದರು. ದೇಶವೇ ತುಂಬಿದಂತೆ ಕಂಡಿತು. ಆದರೆ ಅದು ಮನೆ ಎಣಿಸಲು ಮಾಡಿಕೊಂಡ ನಕ್ಷೆ. ಎಷ್ಟೋ ಕಡೆ ರಸ್ತೆಗಳು ಇದ್ದ ಜಾಗದಿಂದ ಪಕ್ಕಕ್ಕೆ ಸರಿದಿದ್ದವು. ಅವನ್ನು ತಿದ್ದಲು ಸ್ವಯಂಸೇವಕರಿಗೆ ವರ್ಷಗಟ್ಟಲೆ ಹಿಡಿಯಿತು.

ನಮ್ಮ ಊರನ್ನೇ ತೆಗೆದುಕೊಳ್ಳಿ. 1997ರವರೆಗೆ ನಾವು ಶಿವಮೊಗ್ಗ ಜಿಲ್ಲೆಯವರು, ಆಮೇಲೆ ದಾವಣಗೆರೆಯವರು. 2011ರ ಜನಗಣತಿಯಲ್ಲಿ ನ್ಯಾಮತಿ ಹೊನ್ನಾಳಿ ತಾಲ್ಲೂಕಿನೊಳಗೇ ಇದೆ. ಆ ಪಟ್ಟಿಯನ್ನು ಇವತ್ತು ಹಾಗೇ ಸುರಿದರೆ, ನಾವು ಎಷ್ಟೋ ವರ್ಷ ಕಾದು ಪಡೆದ ತಾಲ್ಲೂಕು ನಕ್ಷೆಯಲ್ಲಿ ಮಾಯ! ಸಂತ ಸೇವಾಲಾಲರ ಸೂರಗೊಂಡನಕೊಪ್ಪ ನಮ್ಮ ತಾಲ್ಲೂಕಿನ ಹೆಮ್ಮೆ. ಆದರೆ ಕಂದಾಯ ಗ್ರಾಮವೆಂದು ದಾಖಲಾಗದ ತಾಂಡಾಗಳು ಗ್ರಾಮಗಳ ಪಟ್ಟಿಯಲ್ಲಿ ಸಿಗುವುದೇ ಇಲ್ಲ. ಅಲ್ಲಿ ಜನ ಇದ್ದಾರೆ, ಹೆಸರಿಲ್ಲ.

ಹಾಗೆಂದು ಸಿದ್ಧ ಮಾಹಿತಿ ಬೇಡವೆಂದಲ್ಲ. ನಾಲ್ಕು ಜನ ಓಡಾಡಿ ಒಂದು ರಾಜ್ಯ ಮುಗಿಸಲಾಗದು. ಆದರೆ ಗೊಬ್ಬರದ ಲೋಡು ತಂದು ಹೊಲದ ಮೂಲೆಗೆ ಸುರಿದರೆ ಬೇಸಾಯವಾಗುವುದಿಲ್ಲ, ಹರಡುವ ಕೈ ಬೇಕು. ಅದಕ್ಕೇ, ಸುರಿಯುವ ಮೊದಲು ಮಾಹಿತಿಯ ಒಡೆಯರ ಅನುಮತಿ ಪಡೆಯಬೇಕು, ಸ್ಥಳೀಯ ಬಳಗದವರೊಡನೆ ಚರ್ಚಿಸಬೇಕು ಎಂಬ ನಿಯಮ ಅಲ್ಲಿದೆ.

ಸ್ವಯಂಸೇವಕರೇನೂ ತಪ್ಪು ಮಾಡದವರಲ್ಲ. ನಾನೇ ಬೆಂಗಳೂರಿನಲ್ಲಿ ಕೂತು, ಉಪಗ್ರಹದ ಚಿತ್ರ ನೋಡಿ, ನಮ್ಮ ಕಡೆಯ ಕೆರೆಯೊಂದರ ನಡುವೆ ರಸ್ತೆ ಎಳೆದಿದ್ದೆ. ಹಬ್ಬಕ್ಕೆ ಬಂದಾಗ ಚಿಕ್ಕಪ್ಪನಿಗೆ ತೋರಿಸಿದೆ. "ತಮ್ಮಾ, ಅದು ರಸ್ತೆ ಅಲ್ಲ. ಬೇಸಿಗೇಲಿ ಕೆರೆ ಬತ್ತಿದಾಗ ಗಾಡಿ ಹೋಗೋ ಜಾಡು. ಮಳೆಗಾಲದಾಗೆ ಆ ದಾರಿ ಹಿಡಿದ್ರೆ ನೀರಿಗೇ ಇಳೀತಾನೆ" ಎಂದರು. ರಾತ್ರಿ ಹೊತ್ತು ಗೊತ್ತಿಲ್ಲದ ಆಂಬುಲೆನ್ಸ್ ಚಾಲಕ ಆ ಗೆರೆ ನಂಬಿ ಬಂದಿದ್ದರೆ? ಅವತ್ತೇ ಅಳಿಸಿದೆ. ಮೇಷ್ಟ್ರು ಎರಡನೇ ಸಲ ಕಿವಿ ಹಿಂಡಿದಂತಾಯಿತು.

ಮಕ್ಕಳೇ, ನಿಮ್ಮಲ್ಲಿ ನನ್ನದೊಂದು ಕೇಳಿಕೆ. ಸುವರ್ಣ ವರ್ಷದ ನೆನಪಿಗೆ ನಿಮ್ಮ ನಿಮ್ಮ ಬೀದಿ, ಹಟ್ಟಿ, ತಾಂಡಾ, ಕೆರೆ, ಬಸ್ ನಿಲ್ಲುವ ಜಾಗಗಳನ್ನು ನಡೆದು ನೋಡಿ ಬರೆದುಕೊಳ್ಳಿ. ಹೆಸರನ್ನು ಅಜ್ಜ ಅಜ್ಜಿಯರನ್ನು ಕೇಳಿ. ಬೇರೆ ನಕ್ಷೆಯಿಂದ ನಕಲು ಮಾಡಬೇಡಿ. ಕಂಪ್ಯೂಟರಿಗೆ ಸೇರಿಸುವುದನ್ನು ರಜೆಯಲ್ಲಿ ಬಂದು ನಾನು ಕಲಿಸುತ್ತೇನೆ. ಮುಂದಿನ ವರ್ಷ ರಸ್ತೆ ಬದಲಾದರೆ ತಿದ್ದುವವರೂ ನೀವೇ.

ನಿಮ್ಮ ಮನೆ ಮುಂದಿನ ಬಾವಿ ಎಲ್ಲಿದೆಯೆಂದು ಜಗತ್ತಿಗೆ ಹೇಳಬೇಕಾದವರು ನೀವು.